ಮನೆಗೆ ದಕ್ಷಿಣದ ಮುಖ, ಉತ್ತರದ ಹಿತ್ತಲು ತಗ್ಗು: ವಾಸ್ತುವಿಗೆ ಸರಿ, ಫೆಂಗ್ ಶುಯಿಗೆ ತಪ್ಪೇ?

ನಮ್ಮ ವಾಸ್ತು, ಚೀನಾದ ಫೆಂಗ್ ಶುಯಿ ಎರಡೂ ಬೇರೆ ಬೇರೆ ಅಳತೆಗೋಲು ಹಿಡಿದಿರುವುದೇ ನಿಮ್ಮ ಗೊಂದಲಕ್ಕೆ ಕಾರಣ. ವಾಸ್ತು ಏರುತಗ್ಗನ್ನು ದಿಕ್ಕಿನಿಂದ ನೋಡುತ್ತದೆ: ನೈಋತ್ಯ ಎತ್ತರ, ಈಶಾನ್ಯ ತಗ್ಗು. ಫೆಂಗ್ ಶುಯಿಯ ಭೂರೂಪ ಪಂಥ ನೋಡುವುದು ಮನೆಯ ಬೆನ್ನನ್ನು: ಹಿಂದೆ 'ಕಪ್ಪು ಆಮೆ', ಅಂದರೆ ಎತ್ತರದ ಆಸರೆ, ಮುಂದೆ 'ಮಿಂಗ್ ಟಾಂಗ್' ಎಂಬ ಬಯಲು. ಚೀನಾದಲ್ಲಿ ಚಳಿಗಾಳಿ ಬೀಸುವುದು ಉತ್ತರದಿಂದ, ಹಾಗಾಗಿ ಅಲ್ಲಿ ಉತ್ತರಕ್ಕೆ ಗುಡ್ಡ ಬೇಕು. ನಿಮ್ಮ ಹಿತ್ತಲಲ್ಲಿ ಎರಡನ್ನೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲ, ಒಂದನ್ನು ಆರಿಸಿಕೊಳ್ಳಿ.

ಫೆಂಗ್ ಶುಯಿಯೇ ಬೇಕೆಂದರೆ, ಮೊದಲು ಪಾರದರ್ಶಕ ಪೈಪಿಗೆ ನೀರು ತುಂಬಿ ಗೇಟಿನಿಂದ ಹಿತ್ತಲಿಗೆ ಮಟ್ಟ ನೋಡಿ. ಒಳಗೆ ಗಾಳಿಗುಳ್ಳೆ ಉಳಿದರೆ ಅಳತೆ ಸುಳ್ಳಾಗುತ್ತದೆ. ಬೆಟ್ಟದಷ್ಟು ಮಣ್ಣು ಬೇಡ. 'ಒಂದಂಗುಲ ಎತ್ತರವೂ ಬೆಟ್ಟ, ಒಂದಂಗುಲ ತಗ್ಗೂ ನೀರು' ಎಂದೇ ಚೀನೀ ಮಾತಿದೆ. ದಿಬ್ಬವನ್ನು ಹಿಂದಿನ ಬೇಲಿಗುಂಟ ಹಾಕಿ, ಆರಂಗುಲದ ಪದರಗಳಲ್ಲಿ ದಮ್ಮಸ್ಸು ಮಾಡಿ. ಮನೆಗೂ ದಿಬ್ಬಕ್ಕೂ ನಡುವೆ ಚರಂಡಿ ಬಿಡಲೇಬೇಕು, ಇಲ್ಲದಿದ್ದರೆ ಮಳೆನೀರು ಪಾಯಕ್ಕೆ ಇಳಿಯುತ್ತದೆ. ಮೇಲೆ ಬಿದಿರು ನೆಡಬಹುದು, ಆದರೆ ಬರೀ ಮರಗಳನ್ನು ಬೆಟ್ಟವೆಂದು ಎಲ್ಲ ಗುರುಗಳೂ ಒಪ್ಪುವುದಿಲ್ಲ.

ಎಡಬಲವನ್ನು ಬಾಗಿಲೊಳಗೆ ನಿಂತು ಹೊರಗೆ ನೋಡುತ್ತ ಗುರುತಿಸಿ. ಫೆಂಗ್ ಶುಯಿಯಲ್ಲಿ 'ಹಸಿರು ಡ್ರ್ಯಾಗನ್' ಎನ್ನುವ ಎಡಬದಿ, 'ಬಿಳಿ ಹುಲಿ' ಎನ್ನುವ ಬಲಬದಿಗಿಂತ ತುಸು ಎತ್ತರವಿರಲಿ.