ಫಿಲ್ಟರಿನ ತೂಕ ಏರುತ್ತಿರುವುದಕ್ಕೆ ಉಪ್ಪು ಕಾರಣವಿರಬೇಕು

ಕಣಗಳು ಚದುರಿಸುವ ಬೆಳಕಿನಿಂದ ನೀರಿನ ಕದಡನ್ನು ಅಳೆಯುವ ಟರ್ಬಿಡಿಟಿ ಮೀಟರು, ನೀರು ತಿಳಿಯಾಗಿದೆ ಎನ್ನುತ್ತಿರುವಾಗ, ಅದೇ ಕರಾವಳಿ ನೀರನ್ನು ಒಂದು ಲೀಟರ್ ಸೋಸಿದ ಫಿಲ್ಟರ್ ಮಾತ್ರ 40 ಮಿಲಿಗ್ರಾಂ ತೇಲುಕಣಗಳನ್ನು ತೋರಿಸುತ್ತಿದೆ ಎಂದಿದ್ದೀರಿ; ಇದಕ್ಕೆ ಬಹುಮಟ್ಟಿಗೆ ಕಾರಣ ಫಿಲ್ಟರಿನಲ್ಲಿ ಉಳಿದ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದರಿಂದ, ಗಾಜಿನ ನಾರಿನ ಫಿಲ್ಟರಿನಲ್ಲಿ ಒಂದೇ ಮಿಲಿಲೀಟರ್ ಇಂಗಿ ಉಳಿದರೂ ಒಣಗಿದ ಮೇಲೆ 35 ಮಿಲಿಗ್ರಾಂ ಸೇರಿಬಿಡುತ್ತದೆ.

ಸೋಸುವುದು ಮುಗಿದ ಕೂಡಲೇ, ಪಂಪನ್ನು ನಿಲ್ಲಿಸದೆ, ಬಟ್ಟಿ ಇಳಿಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕನಿಷ್ಠ ಮೂರು ಸಲ ಹಾಯಿಸಿರಿ. ಬಳಿಕ ಮೇಲಿನ ಆಲಿಕೆಯನ್ನು ತೆಗೆದು, ಅದರಡಿ ಒತ್ತಿಕೊಂಡಿದ್ದ ಫಿಲ್ಟರಿನ ಅಂಚನ್ನೂ ತೊಳೆಯಿರಿ. ಸಾಮಾನ್ಯವಾಗಿ ಮರೆತುಹೋಗುವುದು ಇದೇ, ನಾನೂ ಮರೆತಿದ್ದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ತಣಿಸಿ ತೂಗಿರಿ. ಕಣಗಳನ್ನು ಮೊದಲೇ ಸೋಸಿ ತೆಗೆದ ಸಮುದ್ರದ ನೀರನ್ನು ಇನ್ನೊಂದು ಫಿಲ್ಟರಿನಲ್ಲಿ ಇದೇ ಕ್ರಮದಲ್ಲಿ ಹಾಯಿಸಿ ತೂಗಿದರೆ, ಉಳಿಯುತ್ತಿರುವ ಉಪ್ಪು ಎಷ್ಟೆಂಬುದು ನೇರವಾಗಿ ತಿಳಿಯುತ್ತದೆ.

ಅದರ ಬಳಿಕವೂ ವ್ಯತ್ಯಾಸ ಉಳಿದರೆ ಉಪ್ಪನ್ನು ದೂರುವಂತಿಲ್ಲ: ಅಲೆಗಳು ತಳದಿಂದ ಎಬ್ಬಿಸಿದ ಮರಳು, ಅಷ್ಟೇ ತೂಕದ ಜೇಡಿಕಣಗಳಿಗಿಂತ ಬಹಳ ಕಡಿಮೆ ಬೆಳಕನ್ನು ಚದುರಿಸುವುದರಿಂದ, ಮೀಟರಿನ ಕಣ್ಣು ತಪ್ಪಿಸಿ ತೂಕದಲ್ಲಿ ಮಾತ್ರ ಕಾಣಿಸಿಕೊಂಡಿರಬಹುದು. ಆಗ ಹೊಸ ಮಾದರಿಯನ್ನು 63 ಮೈಕ್ರಾನ್ ಜರಡಿಯಲ್ಲಿ ಹಾಯಿಸಿ, ಜರಡಿಯಲ್ಲಿ ಉಳಿಯುವ ಮರಳು, ಕೆಳಗಿಳಿಯುವ ಸಣ್ಣ ಕಣಗಳು ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡಿರಿ.