ಕಪ್ಪು ಗೆರೆ ಬಿದ್ದ ದಿನ

ಮೈಸೂರಿನ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಹಣ ಕಳೆದುಕೊಂಡವರು ಮತ್ತೆ ಮತ್ತೆ ಬರುತ್ತಾರೆ. ಒಬ್ಬರದು ನಿಧಿಯ ಆಸೆ, ಇನ್ನೊಬ್ಬರದು ಚೀಟಿ, ಮತ್ತೊಬ್ಬರದು ಮೊಬೈಲಿನ ಷೇರು ವ್ಯವಹಾರ. ಎಲ್ಲರ ಮೊದಲ ಮಾತು ಒಂದೇ: "ಮೋಸ ಹೋದೆ, ಮೇಡಂ." ಆ ಮಾತನ್ನು ಬಹಳ ಕಾಲ ಹಾಗೆಯೇ ಒಪ್ಪಿಕೊಳ್ಳುತ್ತಿದ್ದೆ. ರಾಜಣ್ಣ ಬಂದುಹೋದ ಮೇಲೆ ಒಪ್ಪುತ್ತಿಲ್ಲ. ಹೆಸರು ಅವರದಲ್ಲ, ಗುರುತುಗಳನ್ನೂ ಬದಲಿಸಿದ್ದೇನೆ.

ಕೃಷ್ಣರಾಜಪೇಟೆ ಕಡೆಯ ಕಬ್ಬು ಬೆಳೆಗಾರರು. ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಸುತ್ತ ಬ್ಯಾಟರಿಗೆ ಬೇಕಾದ ಲಿಥಿಯಂ ಲೋಹ 1,600 ಟನ್ ಇದೆ ಎಂಬ ಅಂದಾಜು 2021ರಲ್ಲಿ ಸುದ್ದಿಯಾಯಿತಲ್ಲ, ಅದಾದ ಕೆಲವು ತಿಂಗಳಿಗೆ ಇವರ ಹೊಲಕ್ಕೆ 'ಭೂಗರ್ಭ ತಜ್ಞ' ಎಂದು ಹೇಳಿಕೊಂಡವನೊಬ್ಬ ಬಂದ. ಕೊಳವೆಬಾವಿ ಕೊರೆದಾಗ ಮೇಲೆ ಬಂದಿದ್ದ ಹೊಳೆಯುವ ಕಲ್ಲನ್ನು ಹಿಡಿದು, ಇದು ಚಿನ್ನದ ಅದಿರು ಎಂದ. ಅದೇ ಕಡೆಯ ಬೆಳ್ಳಿಬೆಟ್ಟದಲ್ಲಿ ಹಿಂದಿನವರು ಚಿನ್ನಕ್ಕಾಗಿ ಅಗೆದದ್ದು ನಿಜ. ಆ ನಿಜದ ಬೆನ್ನ ಮೇಲೆಯೇ ಅವನು ತನ್ನ ಸುಳ್ಳನ್ನು ಹೇರಿದ. ಪರೀಕ್ಷೆಗೆ, ಪರವಾನಗಿಗೆ ಎಂದು ಹಣ ಕೇಳುತ್ತಾ ಹೋದ. ಸ್ವಂತ ಹೊಲವೇ ಆದರೂ ಸರ್ಕಾರದ ಅನುಮತಿಯಿಲ್ಲದೆ ಚಿನ್ನ ಹುಡುಕುವಂತಿಲ್ಲ ಎಂಬುದಾಗಲಿ, ಹಟ್ಟಿಯಂಥ ಗಣಿಯಲ್ಲೂ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ ಎಂಬುದಾಗಲಿ ರಾಜಣ್ಣನವರಿಗೆ ಯಾರೂ ಹೇಳಿರಲಿಲ್ಲ.

ಹೆಂಡತಿಯ ಒಡವೆ ಗಿರವಿಗೆ ಹೋಯಿತು. ಆಮೇಲೆ ಭಾವಮೈದುನನ ಭವಿಷ್ಯನಿಧಿಯ ಹಣವೂ ಬಂತು. ಭಾವನ ಮಾತೆಂದರೆ ಅವನಿಗೆ ಪತ್ರ ಬೇಕಿರಲಿಲ್ಲ.

ಮೊದಲ ಭೇಟಿಯಲ್ಲಿ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಸಾಲದ ಹೊರೆ ಹೊತ್ತು ಬಂದವರನ್ನು ಇದನ್ನು ಕೇಳದೆ ನಾನು ಕಳುಹಿಸುವುದಿಲ್ಲ. ಬಂದಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ನಾನೇ ಬರೆದುಕೊಟ್ಟೆ, ಮನೋವೈದ್ಯರ ಬಳಿಗೂ ಕಳುಹಿಸಿದೆ.

ನಾಲ್ಕನೆಯ ಭೇಟಿಗೆ ಅವರು ಆ ಕಲ್ಲನ್ನು ತಂದಿದ್ದರು. ಟವೆಲ್ಲಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟರು. ಹೊಳೆಯುತ್ತಿತ್ತು. "ಇದನ್ನು ಯಾರಿಗಾದರೂ ತೋರಿಸಿದ್ದಿರಾ?" ಎಂದೆ.

"ಪೇಟೆಯ ಅಕ್ಕಸಾಲಿಗೆ ತೋರಿಸಿದ್ದೆ."

"ಏನೆಂದರು?"

ಬಹಳ ಹೊತ್ತು ಮಾತಿಲ್ಲ. ನಾನೂ ಮಾತನಾಡಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು: "ಒರೆಗಲ್ಲಿಗೆ ಉಜ್ಜಿದರು, ಮೇಡಂ. ಕಪ್ಪು ಗೆರೆ ಬಿತ್ತು. ಒಂದು ಚೂರು ಮುರಿದು ಸುತ್ತಿಗೆಯಲ್ಲಿ ಏಟು ಹಾಕಿದರು, ಪುಡಿಯಾಯಿತು. ಚಿನ್ನ ಒಡೆಯುವುದಿಲ್ಲ, ತಗಡಾಗುತ್ತದೆ ಎಂದರು. ಯುಗಾದಿಯ ಹಿಂದಿನ ದಿನ ಅದು."

"ಭಾವಮೈದುನನಿಂದ ಹಣ ತೆಗೆದುಕೊಂಡದ್ದು?"

"ಯುಗಾದಿ ಕಳೆದ ಮೇಲೆ."

ಕಬ್ಬಿಣ, ಗಂಧಕ ಸೇರಿದ ಪೈರೈಟ್ ಎಂಬ ಖನಿಜಕ್ಕೆ ಆ ಗುಣವಿದೆ. ಮೇಲೆ ಹಳದಿ, ಉಜ್ಜಿದರೆ ಹಸಿರು ಮಿಶ್ರಿತ ಕಪ್ಪು. ಆದರೆ ಅಂದು ಒರೆಗೆ ಹತ್ತಿದ್ದು ಕಲ್ಲೊಂದೇ ಅಲ್ಲ ಎಂದು ನನಗೆ ಅನಿಸಿತು. ಯುಗಾದಿಯ ಹಿಂದಿನ ದಿನದವರೆಗೆ ಅವರು ಮೋಸ ಹೋದವರು. ಅದರ ಮಾರನೆಯ ದಿನದಿಂದ ಮೋಸ ಮಾಡಿದವರು. ಇನ್ನೊಂದು ಸಲ ಹಣ ಕಟ್ಟಿದರೆ ಹೋದದ್ದೆಲ್ಲ ಮರಳಿ ಬರಬಹುದು, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ ಎಂಬ ಆಸೆ ಆ ಗೆರೆಯನ್ನು ದಾಟಿಸಿತ್ತು. ಚಿನ್ನದ ಆಸೆ ಅಂದೇ ಸತ್ತಿತ್ತು. ಆಮೇಲೆ ಉಳಿದದ್ದು ಅವಮಾನದ ಭಯ.

ನಾನು ಕೊಟ್ಟ ಸಲಹೆ ಇದು. ಒಂದು ಪುಸ್ತಕದಲ್ಲಿ ಎಲ್ಲ ಲೆಕ್ಕವನ್ನೂ ಬರೆದು, ಯುಗಾದಿಯ ಜಾಗದಲ್ಲಿ ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲಿನದಕ್ಕೆ ಆ 'ತಜ್ಞ'ನ ಮೇಲೆ ಪೊಲೀಸರಿಗೆ ದೂರು ಕೊಡಿ. ಕೆಳಗಿನದನ್ನು ಭಾವಮೈದುನನಿಗೆ ನೀವೇ ಹೇಳಿ, ಹೆಂಡತಿಯ ಎದುರಿಗೆ, ಮೊತ್ತವನ್ನೂ ದಿನವನ್ನೂ ಸೇರಿಸಿ. ಕ್ಷಮೆ ಕೇಳುವುದು ಆಮೇಲೆ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಮೊತ್ತ ಹೇಳಿದರೆ ಸಾಕಿತ್ತು, ದಿನ ಯಾಕೆ, ಮೆಲ್ಲಗೆ ತೀರಿಸಿಬಿಡಲಿ, ಅಕ್ಕ ತಮ್ಮಂದಿರ ನಂಟನ್ನು ಯಾಕೆ ಕಡಿಯುತ್ತೀರಿ ಎಂದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಆ ಹುಡುಗ, ರಾಜಣ್ಣನವರ ಭಾವಮೈದುನ, ಭಾವನಿಗೆ ಎರಡನೆಯ ಕಂತು ಕೊಡಲು ಸಾಲಕ್ಕೆ ಅರ್ಜಿ ಹಾಕಿದ್ದ. ನಾನು ಅವನಿಗೆ ಹೇಳುವಂತಿರಲಿಲ್ಲ, ಗೋಪ್ಯತೆ ನನ್ನ ಕಸುಬಿನ ಧರ್ಮ. ರಾಜಣ್ಣ ಮಾತ್ರ ಹೇಳಬಹುದಿತ್ತು. ದಿನವನ್ನು ಬಿಟ್ಟು ಮೊತ್ತವನ್ನಷ್ಟೇ ಹೇಳಿದ್ದರೆ, ಅವರು ಮತ್ತೆ ಮೋಸ ಹೋದವರ ಸಾಲಿನಲ್ಲೇ ಕುಳಿತುಬಿಡುತ್ತಿದ್ದರು; ಆ ಹುಡುಗ ಭಾವನ ಮೇಲೆ ಮರುಕಪಟ್ಟು ಇನ್ನಷ್ಟು ಕೊಡುತ್ತಿದ್ದ. ರಾಜಣ್ಣ ಹೇಳುವವರೆಗಿನ ಎರಡು ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇಂದಿಗೂ ಇದೇ ಸಲಹೆ ಕೊಡುತ್ತೇನೆ. ಈಗ ಯಾರು ಬಂದು ಮೋಸ ಹೋದೆ ಎಂದರೂ, ಸುಳ್ಳೆಂದು ನಿಮಗೆ ಗೊತ್ತಾದದ್ದು ಯಾವ ದಿನ, ಆಮೇಲೆ ಯಾರಿಂದ ಹಣ ತೆಗೆದುಕೊಂಡಿರಿ ಎಂದು ಕೇಳುತ್ತೇನೆ. ಮನೆಯವರೂ ಬೈಯುವ ಮೊದಲು ಇದನ್ನು ಕೇಳಲಿ. ಬೈದರೆ ಆ ದಿನ ಇನ್ನಷ್ಟು ಒಳಗೆ ಹೂತುಹೋಗುತ್ತದೆ.

ರಾಜಣ್ಣ ಹೇಳಿದರು. ಆ ಹುಡುಗ ಮುಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದುಹೋದ. ಅವರ ಪತ್ನಿ ಮುಂದಿನ ಭೇಟಿಗೆ ಬಂದು, "ಒಡವೆ ಹೋದದ್ದು ನನಗೆ ಗೊತ್ತಿತ್ತು, ಮೇಡಂ. ನನ್ನ ತಮ್ಮನ ಹಣ ಹೋದದ್ದು ಗೊತ್ತಿರಲಿಲ್ಲ" ಎಂದು ಅತ್ತರು. ಕಬ್ಬಿನ ಬಿಲ್ಲು ಬಂದಾಗಲೆಲ್ಲ ಒಂದು ಭಾಗ ಈಗ ಅವನ ಖಾತೆಗೆ ಹೋಗುತ್ತಿದೆ. ಈ ಸಲದ ಗೌರಿ ಹಬ್ಬಕ್ಕೆ ಅವನು ಅಕ್ಕನಿಗೆ ಅರಿಶಿನ ಕುಂಕುಮದ ಹಣ ಕಳುಹಿಸಿದ್ದಾನೆ. ಮನೆಗೆ ಇನ್ನೂ ಬಂದಿಲ್ಲ.