ದೊಡ್ಡಪ್ಪನವರಿಗೆ ಬೇರೆ ಲೋಟ ಇಡುವುದು ಕನಿಕರವೇ?

ಕುಷ್ಠರೋಗದ ಚಿಕಿತ್ಸೆಯನ್ನು ಪೂರ್ತಿ ಮುಗಿಸಿರುವ ನಿಮ್ಮ ದೊಡ್ಡಪ್ಪನವರು ಕರ್ತನ ಭೋಜನಕ್ಕೆ, ಅಂದರೆ ಸಭೆಯವರೆಲ್ಲ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆಗೆ, ಬಂದಾಗ ಸಭೆಯ ಕೆಲವರು ಅದೇ ಪಾತ್ರೆಯಿಂದ ಕುಡಿಯಲು ಹಿಂಜರಿಯುತ್ತಾರೆಂದೂ, ಯಾರ ಮನಸ್ಸೂ ನೋಯದಂತೆ ಅವರಿಗೊಂದು ಬೇರೆ ಲೋಟ ಇಟ್ಟರೆ ಅದು ಕ್ರೈಸ್ತ ಕನಿಕರಕ್ಕೆ ವಿರುದ್ಧವಾಗುತ್ತದೆಯೇ ಎಂದೂ ಕೇಳಿದ್ದೀರಿ. ಒಂದು ಕುಷ್ಠರೋಗ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಹಲವು ವರ್ಷ ನರ್ಸ್ ಆಗಿದ್ದವಳು ನಾನು. ಖಂಡಿತವಾಗಿ ವಿರುದ್ಧವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕುಷ್ಠವು ಜೊತೆಗೆ ಉಣ್ಣುವುದರಿಂದಾಗಲಿ ಕೈಕುಲುಕುವುದರಿಂದಾಗಲಿ ಅಂಟುವ ರೋಗವಲ್ಲ. ಚಿಕಿತ್ಸೆ ಪಡೆಯದವರ ಮೂಗು ಬಾಯಿಗಳಿಂದ ಹೊರಬೀಳುವ ಹನಿಗಳ ಮೂಲಕ, ಅದೂ ಬಹುಕಾಲ ಅವರ ಹತ್ತಿರವೇ ಇದ್ದವರಿಗೆ ಅದು ಹರಡುತ್ತದೆ. ಅವರಲ್ಲಿಯೂ ಹೆಚ್ಚಿನವರ ದೇಹ ಅದನ್ನು ತಾನೇ ತಡೆದುಕೊಳ್ಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಎಂಡಿಟಿ (ಹಲವು ಔಷಧಿಗಳನ್ನು ಒಟ್ಟಾಗಿ ಕೊಡುವ ಚಿಕಿತ್ಸೆ) ಮಾತ್ರೆಗಳನ್ನು, ರೋಗದ ಬಗೆಗೆ ತಕ್ಕಂತೆ, 6 ಅಥವಾ 12 ತಿಂಗಳು ನುಂಗಿ ಮುಗಿಸಿದವರಿಂದ ಯಾರಿಗೂ ರೋಗ ಬರುವುದಿಲ್ಲ. ಬಾಗಿದ ಬೆರಳು, ಪಾದದ ಹುಣ್ಣು ಇವು ರೋಗ ಇನ್ನೂ ಉಳಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನರಗಳು ಕೆಟ್ಟು ಸ್ಪರ್ಶ ಹೋದ ಕೈಗೆ ಒಲೆಯ ಮೇಲಿನ ಪಾತ್ರೆ ಸುಡುವುದು ತಿಳಿಯುವುದಿಲ್ಲ, ಕಾಲಿಗೆ ಚುಚ್ಚಿದ ಮುಳ್ಳು ತಿಳಿಯುವುದಿಲ್ಲ. ಬೆರಳುಗಳು ತಾವಾಗಿ ಉದುರುವುದಿಲ್ಲ, ನೋವು ಗೊತ್ತಾಗದೆ ಗಾಯವಾಗಿ ಸವೆದುಹೋಗುತ್ತವೆ ಎಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಪಾಲ್ ಬ್ರಾಂಡ್ ಪ್ರಮುಖರು.

ನಮ್ಮ ಕೋಣೆಯಲ್ಲಿ ಬೆಳಿಗ್ಗೆ ಬೇಸಿನ್‌ಗಳನ್ನು ಸಾಲಾಗಿ ಇಟ್ಟು, ಎಲ್ಲರಿಂದಲೂ ಕಾಲು ನೆನೆಸಿ, ದಪ್ಪಗಟ್ಟಿದ ಚರ್ಮವನ್ನು ಉಜ್ಜಿಸಿ, ತೇವ ಆರುವ ಮೊದಲೇ ಎಣ್ಣೆ ಹಚ್ಚಿಸುತ್ತಿದ್ದೆವು. ಹಾಗೆ ಕಾಲು ನೆನೆಸುತ್ತ ಕುಳಿತ ಅಜ್ಜಿಯೊಬ್ಬರು ಒಮ್ಮೆ ಹೇಳಿದರು: "ಮನೇಲಿ ಊಟಕ್ಕೇನೂ ಕಡಿಮೆ ಮಾಡಿಲ್ಲಮ್ಮ. ಆದ್ರೆ ತಟ್ಟೆ ತಂದು ಕಟ್ಟೆ ಮೇಲೆ ಇಟ್ಟು ಹೋಗ್ತಾರೆ, ಕೈಗೆ ಕೊಡಲ್ಲ." ನಿಮ್ಮ ಸಭೆಯ ಲೋಟದ ವಿಷಯ ಓದಿದಾಗ ನನಗೆ ನೆನಪಾದದ್ದು ಆ ಕಟ್ಟೆ.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬನು ಯೇಸುವಿನ ಬಳಿಗೆ ಬಂದು ಮೊಣಕಾಲೂರುತ್ತಾನೆ. ಅಲ್ಲಿನ ಅನುಕ್ರಮವನ್ನು ಗಮನಿಸಿ: ಯೇಸು ಕನಿಕರಪಟ್ಟು ಕೈನೀಡಿ ಮೊದಲು ಮುಟ್ಟುತ್ತಾನೆ, ಶುದ್ಧನಾಗು ಎಂಬ ಮಾತು ಆಮೇಲೆ ಬರುತ್ತದೆ. ಅಂಥವನು ಪಾಳೆಯದ ಹೊರಗೆ ಇರಬೇಕೆಂದು ಹಳೆಯ ಒಡಂಬಡಿಕೆಯ ಯಾಜಕಕಾಂಡ ವಿಧಿಸಿತ್ತು. ಆ ಅಧ್ಯಾಯದ ಕೊನೆಯಲ್ಲಿ, ಗುಣವಾದವನು ಸುದ್ದಿಯನ್ನು ಹಬ್ಬಿಸಿದ್ದರಿಂದ, ಊರೊಳಗೆ ಬರಲಾಗದೆ ಅಡವಿಯಲ್ಲಿ ಉಳಿದವನು ಯೇಸುವೇ.

ಕ್ರೈಸ್ತ ಸಭೆಯ ಚರಿತ್ರೆಯಾದರೋ ಈ ವಿಷಯದಲ್ಲಿ ಅಷ್ಟು ಚೊಕ್ಕಟವಾಗಿಲ್ಲ. 1179ರಲ್ಲಿ ರೋಮಿನಲ್ಲಿ ಬಿಷಪರು ಸೇರಿದ ಮೂರನೆಯ ಲ್ಯಾಟೆರನ್ ಮಹಾಸಭೆಯು ಒಟ್ಟಾಗಿ ವಾಸಿಸುವ ಕುಷ್ಠರೋಗಿಗಳಿಗೆ ಅವರದೇ ದೇವಾಲಯ, ಅವರದೇ ಸ್ಮಶಾನ, ಅವರದೇ ಗುರು ಇರಲೆಂದು ಅಪ್ಪಣೆ ಕೊಟ್ಟಿತು. ಅದನ್ನು ಬರೆದವರ ಮನಸ್ಸಿನಲ್ಲಿದ್ದದ್ದು ದಯೆಯೇ. ನಿಮ್ಮ ಸಭೆಯವರ ಮನಸ್ಸಿನಲ್ಲಿರುವಂತೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದಾಗ ಈ ರೋಗಕ್ಕೆ ಮದ್ದೇ ಇರಲಿಲ್ಲ, ಆದ್ದರಿಂದ ಅಂದಿನ ಪ್ರತ್ಯೇಕ ವಸತಿಗೆ ಒಂದು ಅರ್ಥವಿತ್ತು. ನಮಗೆ ಆ ನೆಪವಿಲ್ಲ. ಆದರೂ ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯಲ್ಲಿ ಕುಷ್ಠವು ಮದುವೆ ಮುರಿಯಲು ಒಂದು ಕಾರಣವಾಗಿ ಉಳಿದಿತ್ತು. ಸಂಸತ್ತು ಅದನ್ನು ತೆಗೆದದ್ದು 2019ರಲ್ಲಿ.

ಒಂದೇ ಪಾತ್ರೆಯಿಂದ ಕುಡಿಯುವುದು ಶುಚಿಯಲ್ಲ ಎಂಬ ಆತಂಕ ನಿಜವಾಗಿಯೂ ಇದ್ದರೆ, ಎಷ್ಟೋ ಸಭೆಗಳಲ್ಲಿ ಇರುವಂತೆ ಎಲ್ಲರಿಗೂ ಚಿಕ್ಕ ಚಿಕ್ಕ ಲೋಟಗಳನ್ನು ಇಡಲು ಸಭಾಪಾಲಕರನ್ನು ಕೇಳಿ. ಪಾತ್ರೆ ಒಂದೇ ಆಗಿರುವುದಾದರೆ ದೊಡ್ಡಪ್ಪನವರ ಪಕ್ಕದಲ್ಲಿ ನೀವು ನಿಂತು, ಅವರ ನಂತರ ನೀವು ಕುಡಿಯಿರಿ. ಇನ್ನೊಂದು ವಿಷಯ: ಬೆರಳು ಬಾಗಿದವರಿಗೆ ನಯವಾದ ಲೋಟವನ್ನು ಬಿಗಿಯಾಗಿ ಹಿಡಿಯುವುದು ಕಷ್ಟ. ಪಾತ್ರೆಯನ್ನು ಅವರ ಬಾಯಿಗೆ ಹಿಡಿಯಬೇಕೇ, ಅಥವಾ ತಾವೇ ಎರಡೂ ಕೈಗಳಲ್ಲಿ ಹಿಡಿದುಕೊಳ್ಳಲು ಅವರಿಗೆ ಇಷ್ಟವೇ ಎಂಬುದನ್ನು ಭಾನುವಾರಕ್ಕೆ ಮುಂಚೆ ಅವರನ್ನೇ ಕೇಳಿ ತಿಳಿದುಕೊಳ್ಳಿ.